ಅಡಿಕೆ ಸಿಪ್ಪೆಯಿಂದ ಕೆಮಿಕಲ್ ಮಾಡಬಹುದಂತೆ, ಮತ್ತೆ ಮಲೆನಾಡಲ್ಲಿ ಫ್ಯಾಕ್ಟರಿ ಯಾಕಿಲ್ಲ?

ಲ್ಯಾಬಲ್ಲಿ ಮಾಡಬಹುದು. ಸಿಪ್ಪೆಯ ನಾರಿನಲ್ಲಿ ಹೆಮಿಸೆಲ್ಯುಲೋಸ್ ಅಂತ ಸಕ್ಕರೆ ಕಣಗಳು ಸೇರಿ ಆದ ವಸ್ತು ಇದೆ, ಆಸಿಡ್ ಹಾಕಿ ಹಬೆಯಲ್ಲಿ ಬೇಯಿಸಿದರೆ ಫರ್ಫುರಾಲ್ ಎಂಬ ಕೆಮಿಕಲ್ ಬರುತ್ತದೆ. ರೆಸಿನ್, ಸಾಲ್ವೆಂಟ್‌ಗೆ ಅದು ಬೇಕು. ಅಮೆರಿಕದ ಕ್ವೇಕರ್ ಓಟ್ಸ್ 1920ರ ದಶಕದಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿತು. ಆದರೆ ಅವರಿಗೆ ಹೊಟ್ಟು ಮಿಲ್ಲಿನಲ್ಲೇ ರಾಶಿ ಬಿದ್ದಿತ್ತು. ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ಸಿಪ್ಪೆ ಮನೆಮನೆ ಅಂಗಳದಲ್ಲಿ ಹಂಚಿಹೋಗಿರುತ್ತದೆ, ಹಸಿ ಸಿಪ್ಪೆ ಲಾರಿಗೆ ತುಂಬಿದರೆ ಹೊರುವುದು ನೀರನ್ನೇ ಜಾಸ್ತಿ, ಅದೂ ಕೊಯ್ಲಿನ ಕೆಲವು ತಿಂಗಳು ಮಾತ್ರ, ಪ್ಲಾಂಟ್ ಸಾಲದ ಬಡ್ಡಿ ಮಾತ್ರ ಮಳೆಗಾಲಕ್ಕೂ ನಿಲ್ಲುವುದಿಲ್ಲ ಅಲ್ವಾ. ಅದೇ ಅಡಿಕೆ ಮರದ ಹಾಳೆಯ ತಟ್ಟೆ ಗೆದ್ದಿದ್ದು ಯಾಕೆ? ಬಿಸಿ ಅಚ್ಚಿನಲ್ಲಿ ಒತ್ತಿದರೆ ಮುಗೀತು, ಚಿಕ್ಕ ಶೆಡ್ ಸಾಕು. ನನ್ನ ಕೇಳಿದರೆ, ಮೊದಲು ಚೇಣಿದಾರರು (ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು) ಅಡಿಕೆ ಸುಲಿಸುವ ಜಾಗದಲ್ಲೇ ಸಿಪ್ಪೆ ಒಣಗಿಸಿ ಒತ್ತಿ ಕಟ್ಟುವ ವ್ಯವಸ್ಥೆ ಆಗಲಿ. ಈಗ ರಸ್ತೆ ಬದಿ ಸುರಿದು ಸುಡುತ್ತಿರುವುದು ಆ ಸಿಪ್ಪೆಯನ್ನೇ.