ಗರ್ಭಕೋಶ ತೆಗೆದ ಮೇಲೂ ಗಡ್ಡೆ ಹೃದಯಕ್ಕೆ ಹೋಗುತ್ತಾ?

ಪ್ರಶ್ನೆ: ನಮ್ಮಕ್ಕನಿಗೆ 47 ವರ್ಷ. ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಅಂತ 5 ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದೆವು. ಈಗ ಕಾಲು ಊದಿಕೊಂಡಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಒಮ್ಮೆ ತಲೆ ಸುತ್ತಿ ಬಿದ್ದಳು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲಗಡೆ ಏನೋ ಕಾಣಿಸಿದೆ. ಒಬ್ಬ ಡಾಕ್ಟರ್ ರಕ್ತದ ಹೆಪ್ಪು ಅಂದರು, ಇನ್ನೊಬ್ಬರು ಗರ್ಭಕೋಶದ ಗಡ್ಡೆ ಇರಬಹುದು ಅಂದರು. ಗರ್ಭಕೋಶವೇ ಇಲ್ಲವಲ್ಲ?

ಉತ್ತರ: ಎರಡನೆಯವರ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. ಇದಕ್ಕೆ ಇಂಟ್ರಾವೀನಸ್ ಲಿಯೋಮಯೋಮಟೋಸಿಸ್ ಅಂತ ಹೆಸರು. ತುಂಬಾ ಅಪರೂಪ. ಆದರೆ ಹೊಸದಲ್ಲ, 1896ರಲ್ಲೇ ಇದರ ಬಗ್ಗೆ ಬರೆದಿಟ್ಟಿದ್ದಾರೆ. ಫೈಬ್ರಾಯ್ಡ್ ಜಾತಿಯದೇ ಗಡ್ಡೆ, ಗರ್ಭಕೋಶದ ರಕ್ತನಾಳದೊಳಗೆ ನುಸುಳಿ ಬಳ್ಳಿಯ ಹಾಗೆ ಮೇಲಕ್ಕೆ ಹಬ್ಬುತ್ತದೆ. ಹೊಟ್ಟೆಯ ದೊಡ್ಡ ರಕ್ತನಾಳ ಸೇರಿ, ಅಲ್ಲಿಂದ ಹೃದಯದ ಬಲಗಡೆಗೆ ಬರುತ್ತದೆ. ಗರ್ಭಕೋಶ ತೆಗೆಯುವಾಗ ರಕ್ತನಾಳದಲ್ಲಿ ಚೂರು ಉಳಿದಿದ್ದರೂ ಸಾಕು. ಅಂಡಾಶಯದ ಈಸ್ಟ್ರೋಜನ್ ಹಾರ್ಮೋನ್ ಸಿಕ್ಕರೆ ಅದು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ.

ಕ್ಯಾನ್ಸರ್ ಅಲ್ಲ ನಿಜ. ಹಾಗಂತ ಸುಮ್ನೆ ಕೂರುವ ಹಾಗಿಲ್ಲ. ಎಕೋದಲ್ಲಿ ನೋಡಿದರೆ ಗಡ್ಡೆಯ ತುದಿ ಪ್ರತಿ ಬಡಿತಕ್ಕೂ ಕವಾಟದೊಳಗೆ ಹೋಗಿ ಬಂದು ಮಾಡುತ್ತಿರುತ್ತದೆ. ಅದು ಅಲ್ಲೇ ಸಿಕ್ಕಿಕೊಂಡರೆ ರಕ್ತ ಮುಂದೆ ಹರಿಯುವುದಿಲ್ಲ, ಜೀವವೇ ಹೋಗಬಹುದು. ನಿಮ್ಮಕ್ಕ ತಲೆ ಸುತ್ತಿ ಬಿದ್ದಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿದೆ. ಈ ವಾರವೇ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ ಬಿದ್ದರೆ ವಾರವನ್ನೂ ಕಾಯಬೇಡಿ.

ಎದೆ ಸ್ಕ್ಯಾನ್ ಒಂದೇ ಸಾಲದು. ಕಿಬ್ಬೊಟ್ಟೆಯಿಂದ ಹೃದಯದವರೆಗೆ ಸಿಟಿ ಅಥವಾ ಎಂಆರ್‌ಐ ಆಗಬೇಕು. ಕೆಳಗಿನಿಂದ ಮೇಲಿನವರೆಗೆ ಒಂದೇ ಎಳೆ ಕಂಡರೆ ಅನುಮಾನ ಬಹುಪಾಲು ತೀರುತ್ತದೆ. ಹೆಪ್ಪಿಗೆ ಕೊಡುವ ಮಾತ್ರೆಗೆ ಈ ಗಡ್ಡೆ ಕರಗುವುದಿಲ್ಲ, ಆದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಗರ್ಭಕೋಶ ತೆಗೆದಾಗಿನ ಹಳೇ ಬಯಾಪ್ಸಿ ರಿಪೋರ್ಟ್ ತೆಗೆದುಕೊಂಡು ಹೋಗಿ. ಎಷ್ಟು ಸಲ ಹೇಳಿದರೂ ಜನ ಅದನ್ನು ತರುವುದಿಲ್ಲ. ಆಪರೇಷನ್ ಮುಗಿಯಿತಲ್ಲ ಅಂತ ಫೈಲ್ ಎಸೆದುಬಿಡುತ್ತಾರೆ!

ಪರಿಹಾರ ಆಪರೇಷನ್ನೇ. ಹೃದಯದ ಸರ್ಜನ್, ರಕ್ತನಾಳದ ಸರ್ಜನ್, ಸ್ತ್ರೀರೋಗ ತಜ್ಞರು ಒಟ್ಟಿಗೆ ನಿಲ್ಲಬೇಕು. ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ ಸಾಮಾನ್ಯವಾಗಿ ಬೇಕಾಗುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಗಡ್ಡೆ ಹೆಚ್ಚಾಗಿ ರಕ್ತನಾಳದ ಗೋಡೆಗೆ ಅಂಟಿರುವುದಿಲ್ಲ. ನುಣುಪಾದ ಬಿಳಿ ಹಗ್ಗದಂತೆ ಉದ್ದಕ್ಕೆ ಎಳೆದು ತೆಗೆಯಬಹುದು. ಅಂಡಾಶಯ ಉಳಿದಿದ್ದರೆ ಅದನ್ನೂ ತೆಗೆಯುವುದು ವಾಡಿಕೆ. ಕೆಲವರಿಗೆ ವರ್ಷಗಳ ನಂತರ ಮತ್ತೆ ಬರುತ್ತದೆ, ಹಾಗಾಗಿ ಸ್ಕ್ಯಾನ್ ತಪ್ಪಿಸಬೇಡಿ.

ಪ್ರಶ್ನೆ: ನನಗೆ 3 ಸೆಂ.ಮೀ. ಫೈಬ್ರಾಯ್ಡ್ ಇದೆ. ಹೃದಯಕ್ಕೆ ಹೋಗುವ ಮೊದಲೇ ಗರ್ಭಕೋಶ ತೆಗೆಸಲಾ?

ಉತ್ತರ: ಬೇಡ. 50 ದಾಟುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರಿಗೆ ಫೈಬ್ರಾಯ್ಡ್ ಇರುತ್ತದೆ. ಅದು ಹೃದಯಕ್ಕೆ ಹೋಗುವುದು ತುಂಬಾ ಅಪರೂಪ. ಈ ಭಯ ಹುಟ್ಟಿಸಿ ಗರ್ಭಕೋಶ ತೆಗೆಸಿ ಅನ್ನುವವರ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ಹೃದಯಕ್ಕೆ ಬಂದ ಈ ಗಡ್ಡೆ ಕಷಾಯದಿಂದ ಕರಗುತ್ತದಂತೆ, ನಿಜವಾ?

ಉತ್ತರ: ಸುಳ್ಳು. ಉಸಿರು ಕಟ್ಟುವವರಿಗೂ ಮೂರು ತಿಂಗಳು ಕುಡಿಯಿರಿ ಅಂತ ಬಾಟಲಿ ಕೊಡುವವರಿದ್ದಾರೆ. ಉಸಿರು ಕಟ್ಟುತ್ತಿದ್ದರೆ ಮೊದಲು ಎಕೋ ಮಾಡಿಸಿ.