ಆರ್ವೋ ಪ್ಯಾರ್ಟ್ ಬರೆಯದೆ ಉಳಿದ ವರ್ಷಗಳು

ಪ್ರಶ್ನೆ: ಎಸ್ಟೋನಿಯಾದ ಸಂಗೀತ ರಚನಕಾರ ಆರ್ವೋ ಪ್ಯಾರ್ಟ್ ಅವರ ವೃಂದಗಾನ ಕೇಳುವಾಗಲೆಲ್ಲ ನನಗೆ ತಂಬೂರಿಯ ಶ್ರುತಿ ನೆನಪಾಗುತ್ತದೆ. ಸರ್ಕಾರದ ನಿಷೇಧದಿಂದಾಗಿ ಅವರು ಎಂಟು ವರ್ಷ ಏನನ್ನೂ ಬರೆಯಲಿಲ್ಲವಂತೆ, ನಿಜವೇ?

ಉತ್ತರ: ನಿಷೇಧ ನಿಜ, ಆದರೆ ಮೌನಕ್ಕೆ ಅದೊಂದೇ ಕಾರಣವಲ್ಲ. 1935ರಲ್ಲಿ ಹುಟ್ಟಿದ ಪ್ಯಾರ್ಟ್, ಟ್ಯಾಲಿನ್‌ನಲ್ಲಿ ಹೈನೋ ಎಲ್ಲರ್ ಅವರ ಬಳಿ ಕಲಿತು, ರೇಡಿಯೋದಲ್ಲಿ ಧ್ವನಿ ತಂತ್ರಜ್ಞರಾಗಿ ದುಡಿಯುತ್ತಲೇ ಆಗ ಎಸ್ಟೋನಿಯಾವನ್ನು ಆಳುತ್ತಿದ್ದ ಸೋವಿಯತ್ ಅಧಿಕಾರಿಗಳಿಗೆ ಹಿಡಿಸದ, ಯಾವ ಸ್ವರವನ್ನೂ ಆಧಾರವಾಗಿಸದೆ ಹನ್ನೆರಡಕ್ಕೂ ಸಮಾನ ಸ್ಥಾನ ಕೊಡುವ ಹನ್ನೆರಡು ಸ್ವರಗಳ ಪದ್ಧತಿಯಲ್ಲಿ ಬರೆಯತೊಡಗಿದ್ದರು. 1968ರ ‘ಕ್ರೆಡೋ’ ಕ್ರಿಸ್ತನಲ್ಲಿನ ನಂಬಿಕೆಯನ್ನು ಬಹಿರಂಗವಾಗಿ ಸಾರಿದ್ದರಿಂದ ಅದರ ಪ್ರದರ್ಶನಗಳಿಗೆ ತಡೆ ಬಿತ್ತು. ಆ ಕೃತಿಯಲ್ಲಿ ಹಳೆಯ ಜರ್ಮನ್ ರಚನಕಾರ ಬಾಖ್‌ನ ತಿಳಿಯಾದ ಪ್ರೆಲ್ಯೂಡ್ (ಕಿರು ವಾದ್ಯಕೃತಿ) ಒಂದು ಹನ್ನೆರಡು ಸ್ವರಗಳ ಗದ್ದಲಕ್ಕೆ ಎದುರಾಗುವುದನ್ನು ಕೇಳಿದರೆ, ಹಳೆಯ ದಾರಿ ಅವರಿಗೇ ಸಾಕಾಗಿತ್ತು ಎಂದು ನನಗೆ ತೋರುತ್ತದೆ. ಆ ಮೌನವೂ ಪೂರ್ಣವಲ್ಲ: ಮೂರನೆಯ ಸಿಂಫನಿ 1971ರದು, ಜೊತೆಗೆ ಸಿನಿಮಾ ಸಂಗೀತವೂ ಇತ್ತು. ಉಳಿದ ಹೊತ್ತೆಲ್ಲ ಮಧ್ಯಯುಗದ ಚರ್ಚ್‌ಗಳ ಏಕದನಿಯ ಹಾಡಿಕೆಯಾದ ಗ್ರೆಗೋರಿಯನ್ ಪಠಣದ ಅಭ್ಯಾಸಕ್ಕೆ ಹೋಯಿತು.

1976ರಲ್ಲಿ ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೋ ಕೃತಿಯೊಂದಿಗೆ ಹೊಸ ಪದ್ಧತಿ ಹೊರಬಂತು. ಲ್ಯಾಟಿನ್‌ನಲ್ಲಿ ಕಿರುಗಂಟೆಗಳು ಎಂಬ ಅರ್ಥದ ‘ಟಿಂಟಿನಾಬುಲಿ’ ಎಂದು ಅದಕ್ಕೆ ಹೆಸರು. ಇದರಲ್ಲಿ ಒಂದು ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿದರೆ, ಇನ್ನೊಂದು ದನಿ ಮೂರೇ ಸ್ವರಗಳೊಳಗೆ ಓಡಾಡುತ್ತ ಮೊದಲನೆಯದರ ಪ್ರತಿ ಸ್ವರಕ್ಕೂ ಜೊತೆಯನ್ನು ಆರಿಸಿಕೊಳ್ಳುತ್ತದೆ. ತಂಬೂರಿಯ ಶ್ರುತಿಯಾದರೋ ಹಾಡು ಎತ್ತ ಹೋದರೂ ಕದಲದು. ಹೀಗಾಗಿ ನಿಮ್ಮ ಹೋಲಿಕೆ ಕಿವಿಗೆ ಒಪ್ಪುವಷ್ಟು ಲೆಕ್ಕಕ್ಕೆ ಒಪ್ಪುವುದಿಲ್ಲ.

ವೃಂದಗಾನಕ್ಕೆ ಈ ಪದ್ಧತಿ ಏಕೆ ಒಗ್ಗಿತು ಎನ್ನುವುದಕ್ಕೆ ಚರ್ಚ್ ಪೂಜೆಯ ಪಠ್ಯಕ್ಕೆ ಸಂಗೀತ ಕೂಡಿಸಿದ 1977ರ ‘ಮಿಸ್ಸಾ ಸಿಲ್ಲಾಬಿಕಾ’ ನೋಡಬೇಕು. ಅಲ್ಲಿ ಪದವೊಂದರಲ್ಲಿ ಎಷ್ಟು ಉಚ್ಚಾರಾಂಶಗಳಿವೆಯೋ ಅದನ್ನೇ ರಾಗದ ನಡೆ ಅವಲಂಬಿಸುತ್ತದೆ. ಅಂದರೆ ಸಾಹಿತ್ಯ ಸಂಗೀತಕ್ಕೆ ಹೊದಿಸಿದ ಬಟ್ಟೆಯಲ್ಲ, ಅದರ ಅಸ್ಥಿಪಂಜರ. 1980ರಲ್ಲಿ ದೇಶ ಬಿಟ್ಟು ವಿಯೆನ್ನಾಕ್ಕೂ ಅಲ್ಲಿಂದ ಬರ್ಲಿನ್ನಿಗೂ ಹೋದ ಮೇಲೆ ಇದೇ ನೆಲೆಯಲ್ಲಿ ಕ್ರಿಸ್ತನ ಯಾತನೆಯ ಕಥನವಾದ ‘ಪಾಸಿಯೋ’ ಬಂತು. 1990ರ ದಶಕದಲ್ಲಿ ಕಲೋನ್ ಕೆಥೆಡ್ರಲ್‌ನ 750ನೆಯ ವರ್ಷಕ್ಕಾಗಿ ಪೂರ್ವದ ಆರ್ಥೊಡಾಕ್ಸ್ ಚರ್ಚ್‌ಗಳ ಪೂಜಾಭಾಷೆಯಾದ ಚರ್ಚ್ ಸ್ಲಾವೋನಿಕ್‌ನಲ್ಲಿ ಪಶ್ಚಾತ್ತಾಪದ ‘ಕಾನೋನ್ ಪೊಕಾಯಾನೆನ್’ ರಚಿತವಾಯಿತು. ಈಗ ಅವರ ಕಾಗದಪತ್ರಗಳೆಲ್ಲ ಎಸ್ಟೋನಿಯಾದ ಲೌಲಸ್ಮಾದಲ್ಲಿ 2018ರಲ್ಲಿ ತೆರೆದ ಆರ್ವೋ ಪ್ಯಾರ್ಟ್ ಕೇಂದ್ರದಲ್ಲಿವೆ.

‘ಪಾಸಿಯೋ’, ‘ಕಾನೋನ್’ನಂಥ ದೀರ್ಘ ಕೃತಿಗಳನ್ನು ಕೇಳಲು ನೀವು ಕೂರುವ ಮೊದಲು, 2004ರ ಮ್ಯಾಡ್ರಿಡ್ ರೈಲು ಸ್ಫೋಟಗಳ ಬೆನ್ನಲ್ಲೇ ಅವರು ಬರೆದ ‘ದಾ ಪಾಚೆಮ್ ದೋಮಿನೆ’ ಎಂಬ ಕೆಲವೇ ನಿಮಿಷಗಳ ಕೃತಿಯನ್ನು ಕೇಳಿರಿ.