ಕನ್ನಡ ಹೆಸರು ಸೇವ್ ಮಾಡಿದರೆ ಪ್ರಶ್ನೆ ಚಿಹ್ನೆ ಬರುತ್ತಿದೆ, ಫಾಂಟ್ ಬದಲಿಸಿದರೆ ಸರಿಹೋಗುತ್ತದಾ?

ಇಲ್ಲ, ಫಾಂಟ್ ಬದಲಿಸಿದರೆ ಸರಿಹೋಗುವುದಿಲ್ಲ. ನೀವು ಬರೆದ ತೊಂದರೆಗಳನ್ನು ಮೊದಲು ಒಮ್ಮೆ ಹೇಳಿಬಿಡುತ್ತೇನೆ, ಮುಂದೆ ಓದುವವರಿಗೂ ಅನುಕೂಲ. ಆಫೀಸಿನಲ್ಲಿ ಸಿ ಶಾರ್ಪ್‌ನಲ್ಲಿ ಬರೆದ ಡೆಸ್ಕ್‌ಟಾಪ್ ಅಪ್ಲಿಕೇಶನ್ ಇದೆ, ಅದರ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್. ಹೆಸರು ಟೈಪ್ ಮಾಡುವಾಗ ಚೆನ್ನಾಗಿಯೇ ಕಾಣುತ್ತದೆ, ಸೇವ್ ಮಾಡಿ ಮತ್ತೆ ತೆರೆದರೆ ಸಾಲಾಗಿ ಪ್ರಶ್ನೆ ಚಿಹ್ನೆ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇರುವ ವೆಬ್‌ಸೈಟನ್ನು ಹೊಸ ಸರ್ವರ್‌ಗೆ ಹಾಕಿದ ದಿನದಿಂದ ಹಳೆಯ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ. ಹೊಸದಾಗಿ ಸೇರಿಸಿದವು ಪುಟದಲ್ಲಿ ಸರಿ ಬರುತ್ತವೆ, ಆದರೆ ಸಿಎಸ್‌ವಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದರೆ ಅವೂ ಹಾಗೇ ಆಗುತ್ತವೆ. ಟೈಪ್ ಮಾಡುವಾಗ ಕನ್ನಡ ಕಂಡಿತು ಅಂದಮೇಲೆ ಫಾಂಟ್ ಇದೆ ಅಂತಲೇ ಅರ್ಥ. ಕೆಟ್ಟಿರುವುದು ಬೈಟುಗಳು, ಇಲ್ಲವೇ ಬೈಟುಗಳನ್ನು ಓದುವ ರೀತಿ.

ಕೋಡಿಗೆ ಕೈ ಹಾಕುವ ಮೊದಲು ಕೆಟ್ಟ ಅಕ್ಷರ ಹೇಗೆ ಕಾಣುತ್ತಿದೆ ಅಂತ ಸರಿಯಾಗಿ ನೋಡಿ. ಎಲ್ಲಿ ಕೆಟ್ಟಿತು ಅನ್ನುವುದು ಅದರಲ್ಲೇ ಇರುತ್ತದೆ. ಪ್ರಶ್ನೆ ಚಿಹ್ನೆ ಕಂಡರೆ ಹೆಚ್ಚಾಗಿ ಅಕ್ಷರವೇ ಹೋಗಿದೆ, ಮತ್ತೆ ಸಿಗುವುದಿಲ್ಲ. ವಿಚಿತ್ರ ಇಂಗ್ಲಿಷ್ ಅಕ್ಷರ ಕಂಡರೆ ಡೇಟಾ ಹೆಚ್ಚಾಗಿ ಒಳಗೆ ಜೀವಂತವಾಗಿದೆ, ತಪ್ಪಾಗಿ ಓದುತ್ತಿದ್ದೇವೆ ಅಷ್ಟೇ. ಖಾಲಿ ಚೌಕ ಕಂಡರೆ ಮಾತ್ರ ಫಾಂಟ್ ಹುಡುಕಿ.

ಪ್ರಶ್ನೆ ಚಿಹ್ನೆಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಹಾಲಿನ ಡೇರಿಗೆ ಸದಸ್ಯರ ಪಟ್ಟಿಯ ತಂತ್ರಾಂಶ ಮಾಡಿಕೊಟ್ಟಿದ್ದೆ. ಪರೀಕ್ಷೆ ಮಾಡಿದ್ದೆಲ್ಲ ಇಂಗ್ಲಿಷ್ ಹೆಸರು ಹಾಕಿ. ಡೇರಿಯ ಕಾರ್ಯದರ್ಶಿ ಎರಡು ದಿನ ಕೂತು ಇನ್ನೂರಕ್ಕೂ ಹೆಚ್ಚು ಹೆಸರುಗಳನ್ನು ಕನ್ನಡದಲ್ಲಿ ತುಂಬಿಸಿದರು. ಸೇವ್ ಆಯಿತು ಅನ್ನುವ ಸಂದೇಶವೂ ಬಂತು. ಮೂರನೇ ದಿನ ಪಟ್ಟಿ ತೆರೆದರೆ ಹೆಸರಿನ ಕಾಲಂ ಪೂರ್ತಿ ಪ್ರಶ್ನೆ ಚಿಹ್ನೆ. ಫಾಂಟ್ ಹಾಕಿದರೆ ಬರುತ್ತದೆ ಅಂತ ನಾನೂ ಒಂದು ಸಂಜೆ ಪೂರ್ತಿ ಒದ್ದಾಡಿದೆ. ಬರಲಿಲ್ಲ, ಬರುವಂಥದ್ದು ಅಲ್ಲಿ ಏನೂ ಉಳಿದೇ ಇರಲಿಲ್ಲ. ಕಡೆಗೆ ಲೆಡ್ಜರ್ ಪುಸ್ತಕ ಮುಂದಿಟ್ಟುಕೊಂಡು ಇಬ್ಬರೂ ಸೇರಿ ಮತ್ತೆ ಟೈಪ್ ಮಾಡಿದೆವು. ಅವರು ಒಂದು ಮಾತೂ ಬೈಯಲಿಲ್ಲ. ಅದು ನನಗೆ ಇಂದಿಗೂ ನೆನಪಿದೆ.

ಆದದ್ದು ಇಷ್ಟು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜ್ (ಯಾವ ಬೈಟಿಗೆ ಯಾವ ಅಕ್ಷರ ಅಂತ ಹೇಳುವ ಹಳೆಯ ಪಟ್ಟಿ) ಇಲ್ಲ, ಇಲ್ಲಿ ಕನ್ನಡ ಅಂದರೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆಬೇರೆ ಸಂಖ್ಯೆ ಕೊಡುವ ವ್ಯವಸ್ಥೆ) ಮಾತ್ರ. ಕಾಲಂ ಅನ್ನು ಬರೀ ವಾರ್‌ಚಾರ್ ಅಂತ ಮಾಡಿದ್ದರೆ ಎಸ್‌ಕ್ಯೂಎಲ್ ಸರ್ವರ್ ನಿಮ್ಮ ಅಕ್ಷರವನ್ನು ಡೇಟಾಬೇಸಿನ ಕೋಡ್‌ಪೇಜ್‌ಗೆ ಇಳಿಸಲು ನೋಡುತ್ತದೆ. ಅಲ್ಲಿ 'ಕ' ಎಂಬುದೇ ಇಲ್ಲ, ಹಾಗಾಗಿ ಅದರ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬರೆದುಬಿಡುತ್ತದೆ, ಯಾವ ಎರರ್ ಕೂಡ ಕೊಡದೆ. ಕಾಲಂ ಯೂನಿಕೋಡ್ ಇಡುವ ಎನ್‌ವಾರ್‌ಚಾರ್ ಆಗಬೇಕು. ಆದರೆ ಅಷ್ಟೇ ಸಾಲದು, ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ಕ್ವೆರಿಯನ್ನು ಸ್ಟ್ರಿಂಗ್ ಜೋಡಿಸಿ ಕಟ್ಟುತ್ತಿದ್ದರೆ, ಶುರುವಿನ ಉದ್ಧರಣ ಚಿಹ್ನೆಗೆ ಮೊದಲು ದೊಡ್ಡ ಎನ್ ಅಕ್ಷರ ಇಲ್ಲದಿದ್ದಾಗ ಅಕ್ಷರ ಕಾಲಂ ಮುಟ್ಟುವ ಮೊದಲೇ ಕೋಡ್‌ಪೇಜ್‌ಗೆ ಇಳಿದು ಹಾಳಾಗಿರುತ್ತದೆ. ಎನ್ ಸೇರಿಸುವುದಕ್ಕಿಂತ ಕ್ವೆರಿಯನ್ನೇ ಪ್ಯಾರಾಮೀಟರ್ ಕೊಟ್ಟು ಬರೆಯಿರಿ, ಪ್ಯಾರಾಮೀಟರಿನ ಬಗೆ ಎನ್‌ವಾರ್‌ಚಾರ್ ಇರಲಿ. ಕನ್ನಡವೂ ಉಳಿಯುತ್ತದೆ, ಎಸ್‌ಕ್ಯೂಎಲ್ ಇಂಜೆಕ್ಷನ್ (ಹೆಸರಿನ ಜಾಗದಲ್ಲಿ ಆಜ್ಞೆ ತೂರಿಸುವ ದಾಳಿ) ಬಾಗಿಲೂ ಮುಚ್ಚುತ್ತದೆ. ಸರಿಹೋಯಿತಾ ಅಂತ ಕಣ್ಣಿನಿಂದ ನೋಡಬೇಡಿ. ಆ ಕಾಲಂ ಮೇಲೆ ಯೂನಿಕೋಡ್ ಎಂಬ ಫಂಕ್ಷನ್ ಓಡಿಸಿದರೆ ಮೊದಲ ಅಕ್ಷರದ ಸಂಖ್ಯೆ ಕೊಡುತ್ತದೆ. 'ಕ'ದಿಂದ ಶುರುವಾಗುವ ಹೆಸರಿಗೆ 3221 ಬಂದರೆ ಸರಿ. 63 ಬಂದರೆ ಅದು ನಿಜವಾದ ಪ್ರಶ್ನೆ ಚಿಹ್ನೆ, ಆ ಸಾಲನ್ನು ಬ್ಯಾಕಪ್‌ನಿಂದಲೋ ಕಾಗದದಿಂದಲೋ ತರಬೇಕು.

ಕಾಲಂ ಉದ್ದವನ್ನೂ ಈಗಲೇ ನೋಡಿಕೊಳ್ಳಿ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಅದು ಏಳು: ಲ, ಕ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಸಂಕೇತ), ಷ, ವಿರಾಮ, ಮ, ಇಕಾರದ ಗುಣಿತ. ಇಂಗ್ಲಿಷ್ ಹೆಸರಿಗೆ ಸಾಕಾಗಿದ್ದ 20ರ ಅಳತೆ ನಮ್ಮ ಹೆಸರು, ತಂದೆ ಹೆಸರು, ಊರ ಹೆಸರಿಗೆ ಸಾಕಾಗುವುದಿಲ್ಲ.

ಈಗ ವೆಬ್‌ಸೈಟ್. ಯುಟಿಎಫ್-8 ಅಂದರೆ ಯೂನಿಕೋಡ್ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ರೀತಿ; ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. 'ಕ' ಅಂದರೆ 224, 178, 149. ಇದನ್ನೇ ಯಾರಾದರೂ ಪಶ್ಚಿಮ ಯುರೋಪಿನ ಹಳೆಯ ಕೋಡ್‌ಪೇಜ್ ಅಂದುಕೊಂಡು ಓದಿದರೆ 224 ತಲೆಯ ಮೇಲೆ ಓರೆಗೆರೆ ಇರುವ ಚಿಕ್ಕ ಇಂಗ್ಲಿಷ್ ಎ ಆಗುತ್ತದೆ, 178 ಮತ್ತು 179 ಮೇಲಕ್ಕೇರಿಸಿ ಬರೆದ ಪುಟ್ಟ 2 ಮತ್ತು 3 ಆಗುತ್ತವೆ. ನಿಮ್ಮ ಪುಟವನ್ನು ಮತ್ತೊಮ್ಮೆ ನೋಡಿ. ಓರೆಗೆರೆಯ ಎ, ಪುಟ್ಟ 2, ಮತ್ತೊಂದು; ಓರೆಗೆರೆಯ ಎ, ಪುಟ್ಟ 3, ಮತ್ತೊಂದು. ಹೀಗೇ ಮೂರುಮೂರಾಗಿ ಬರುತ್ತಿದ್ದರೆ ಸಮಾಧಾನ ಮಾಡಿಕೊಳ್ಳಿ, ನಿಮ್ಮ ಹೆಸರುಗಳು ಎಲ್ಲೂ ಹೋಗಿಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ 5.7ರ ತನಕ ಡೀಫಾಲ್ಟ್ ಲ್ಯಾಟಿನ್1 (ಮೇಲೆ ಹೇಳಿದ ಪಶ್ಚಿಮ ಯುರೋಪಿನ ಕೋಡ್‌ಪೇಜ್) ಇತ್ತು, 8.0ರಿಂದ ಯುಟಿಎಫ್8ಎಂಬಿ4 (ಪೂರ್ತಿ ಯುಟಿಎಫ್-8ಕ್ಕೆ ಅಲ್ಲಿನ ಹೆಸರು) ಆಯಿತು. ಹಳೆಯ ಸರ್ವರ್‌ನಲ್ಲಿ ಪಿಎಚ್‌ಪಿ ಕಳಿಸಿದ ಕನ್ನಡದ ಬೈಟುಗಳನ್ನು ಸಂಪರ್ಕವು ಲ್ಯಾಟಿನ್1 ಅಂದುಕೊಂಡು ಒಳಗೆ ಹಾಕುತ್ತಿತ್ತು, ತೆಗೆಯುವಾಗಲೂ ಹಾಗೇ ಅಂದುಕೊಂಡು ಕೊಡುತ್ತಿತ್ತು. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ವರ್ಷಗಟ್ಟಲೆ ಪುಟ ಸರಿಯಾಗಿ ಕಂಡಿತು. ಹೊಸ ಸರ್ವರ್‌ನಲ್ಲಿ ಸಂಪರ್ಕ ಸರಿಯಾಯಿತು, ಒಳಗಿನ ತಪ್ಪು ಹೊರಗೆ ಬಂತು. ಸಂಪರ್ಕವನ್ನು ಹಳೆಯ ಹಾಗೆ ತಿರುಗಿಸಿದರೆ ಇವತ್ತಿಗೆ ಪುಟ ಸರಿ ಕಾಣುತ್ತದೆ, ಆದರೆ ಹೊಸ ಹೆಸರುಗಳು ಪ್ರಶ್ನೆ ಚಿಹ್ನೆಯಾಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲಿ ತಪ್ಪಿದೆ ಅಂತ ತಿಳಿಯಲು 'ಲಕ್ಷ್ಮಿ' ಎಂಬ ಹೆಸರಿನ ಒಂದು ಹಳೆಯ ಸಾಲು ಹುಡುಕಿ ಎರಡು ಫಂಕ್ಷನ್ ಓಡಿಸಿ: ಚಾರ್ ಲೆಂತ್ ಮತ್ತು ಲೆಂತ್. ಮೊದಲನೆಯದು ಅಕ್ಷರ ಎಣಿಸುತ್ತದೆ, ಎರಡನೆಯದು ಬೈಟು. 7 ಮತ್ತು 21 ಬಂದರೆ ಡೇಟಾ ಸರಿಯಿದೆ, ತೊಂದರೆ ಪುಟದಲ್ಲಿದೆ. 7 ಮತ್ತು 7 ಬಂದರೆ ಏಳು ಪ್ರಶ್ನೆ ಚಿಹ್ನೆ ಕೂತಿವೆ, ಹೆಸರು ಹೋಗಿದೆ. 21 ಮತ್ತು 21 ಬಂದರೆ ಕಾಲಂ ಇನ್ನೂ ಲ್ಯಾಟಿನ್1, ಒಳಗಿರುವ ಬೈಟು ಸರಿ. 21 ಮತ್ತು 43 ಬಂದರೆ ಕಾಲಂ ಯುಟಿಎಫ್8ಎಂಬಿ4, ಆದರೆ ಹೆಸರನ್ನು ಎರಡು ಸಲ ಯುಟಿಎಫ್-8 ಮಾಡಲಾಗಿದೆ. ನಿಮ್ಮಲ್ಲಿ ಹೊಸ ಹೆಸರುಗಳು ಸರಿಯಾಗಿ ಉಳಿಯುತ್ತಿವೆ ಅಂದಿರಿ, ಆದ್ದರಿಂದ ನಿಮ್ಮದು ಬಹುಶಃ ಈ ಕಡೆಯ ಬಗೆ.

21, 21ರ ಬಗೆಯಾಗಿದ್ದರೆ ಕಾಲಂ ಅನ್ನು ಮೊದಲು ವಾರ್‌ಬೈನರಿಗೆ ಬದಲಿಸಿ, ಆಮೇಲೆ ಯುಟಿಎಫ್8ಎಂಬಿ4 ವಾರ್‌ಚಾರ್‌ಗೆ ಬದಲಿಸಿ. ನಡುವೆ ಬೈನರಿ ಮಾಡುವುದರಿಂದ ಬೈಟುಗಳು ಅಲುಗಾಡದೆ ಉಳಿಯುತ್ತವೆ. ಟೇಬಲನ್ನು ನೇರವಾಗಿ ಹೊಸ ಕ್ಯಾರೆಕ್ಟರ್ ಸೆಟ್‌ಗೆ ಕನ್ವರ್ಟ್ ಮಾಡುವ ಆಜ್ಞೆ ಕೊಟ್ಟರೆ 21 ಇದ್ದದ್ದು 43 ಆಗುತ್ತದೆ, ಸಮಸ್ಯೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತದೆ. ನಿಮ್ಮ 43ರ ಬಗೆಗೆ ದಾರಿ ಹಿಂದುಮುಂದು: ಕಾಲಂ ಅನ್ನು ಲ್ಯಾಟಿನ್1ಕ್ಕೆ ಕನ್ವರ್ಟ್ ಮಾಡಿ, ಬಂದದ್ದನ್ನು ಬೈನರಿಗೆ ಕಾಸ್ಟ್ ಮಾಡಿ, ಅದನ್ನು ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಿ ಅಪ್‌ಡೇಟ್ ಮಾಡುವುದು. ಇಲ್ಲಿ ಕೈ ನಡುಗಬೇಕು. ಇದೇ ಅಪ್‌ಡೇಟ್ ನಿಮ್ಮ ಹೊಸ, ಸರಿಯಾದ ಸಾಲುಗಳ ಮೇಲೆ ಓಡಿದರೆ ಕನ್ನಡ ಲ್ಯಾಟಿನ್1ರಲ್ಲಿ ಇಲ್ಲದ ಕಾರಣ ಅವು ಪ್ರಶ್ನೆ ಚಿಹ್ನೆಯಾಗಿ ಶಾಶ್ವತವಾಗಿ ಹೋಗುತ್ತವೆ. ಓರೆಗೆರೆಯ ಎ ಇರುವ ಸಾಲುಗಳಿಗೆ ಮಾತ್ರ ಷರತ್ತು ಹಾಕಿ, ಹೋಲಿಕೆ ಬೈನರಿಯಾಗಿರಲಿ. ಇಲ್ಲದಿದ್ದರೆ ಸಾದಾ ಎ ಇರುವ ಇಂಗ್ಲಿಷ್ ಹೆಸರೂ ಹೊಂದಿಕೆಯಾಗಿಬಿಡುತ್ತದೆ. ಟೇಬಲಿನ ಪ್ರತಿ ತೆಗೆದು ಅದರ ಮೇಲೆ ಮೊದಲು ಮಾಡಿ ನೋಡಿ.

ಈ ರಿಪೇರಿಯನ್ನು ಪೈಥಾನ್‌ನಲ್ಲಿ ಮಾಡೋಣ ಅಂತ ಹೊರಟವರು ಒಂದು ಕಡೆ ಎಡವುತ್ತಾರೆ, ಅದೂ ಕನ್ನಡದವರೇ ಹೆಚ್ಚು. ನಮ್ಮ ಒತ್ತಕ್ಷರ ಕಟ್ಟುವ ವಿರಾಮದ ಬೈಟುಗಳು 224, 179, 141. ವಿಂಡೋಸ್-1252 ಎಂಬ ಪಶ್ಚಿಮ ಯುರೋಪಿನ ಕೋಡ್‌ಪೇಜ್‌ನಲ್ಲಿ ಐದು ಜಾಗ ಖಾಲಿ ಬಿಟ್ಟಿದ್ದಾರೆ: 129, 141, 143, 144, 157. 141 ವಿರಾಮಕ್ಕೆ ಬೇಕು, 143 'ಏ'ಗೆ, 144 'ಐ'ಗೆ, 157 'ಝ'ಗೆ. ಹಾಗಾಗಿ ಒತ್ತಕ್ಷರವಿಲ್ಲದ 'ಕಮಲ' ಸರಿಯಾಗಿ ಮರಳಿ ಬರುತ್ತಾಳೆ, 'ಲಕ್ಷ್ಮಿ' ಬಂದ ಕೂಡಲೇ ಎರರ್. ಪೈಥಾನಿನ ಲ್ಯಾಟಿನ್-1 ಬಳಸಿದರೆ 141 ದಾಟುತ್ತದೆ, ಆದರೆ 'ಕ'ದ 149 ದಪ್ಪ ಚುಕ್ಕಿಯಾಗಿ ಬಂದಿರುತ್ತದಲ್ಲ, ಅದು ಸಿಕ್ಕಿಬೀಳುತ್ತದೆ. ಮೈಎಸ್‌ಕ್ಯೂಎಲ್ ತನ್ನ ಲ್ಯಾಟಿನ್1ರಲ್ಲಿ ಈ ಐದು ಖಾಲಿ ಜಾಗಗಳನ್ನೂ ತುಂಬಿಸಿಕೊಂಡಿದೆ. ಅದಕ್ಕೇ ಕೆಲಸವನ್ನು ಮೈಎಸ್‌ಕ್ಯೂಎಲ್ ಒಳಗೇ ಮುಗಿಸಿ ಅನ್ನುತ್ತೇನೆ.

ಡೇಟಾ ಸರಿಯಾದ ಮೇಲೆ ಪಿಎಚ್‌ಪಿ ಕಡೆ ಹೆಚ್ಚಿಲ್ಲ. ಸಂಪರ್ಕ ತೆರೆದ ತಕ್ಷಣ ಸೆಟ್ ಚಾರ್‌ಸೆಟ್ ಕರೆದು ಯುಟಿಎಫ್8ಎಂಬಿ4 ಕೊಡಿ. ಪುಟದ ಮೆಟಾ ಟ್ಯಾಗ್‌ಗಿಂತ ಸರ್ವರ್ ಕಳಿಸುವ ಹೆಡರ್‌ಗೆ ಬ್ರೌಸರ್ ಹೆಚ್ಚು ಬೆಲೆ ಕೊಡುತ್ತದೆ, ಎರಡರಲ್ಲೂ ಯುಟಿಎಫ್-8 ಇರಲಿ. ಹೆಸರನ್ನು ಮೊಟಕು ಮಾಡಲು ಸಬ್‌ಸ್ಟ್ರ್ ಬಳಸಿದ್ದರೆ ತೆಗೆದು ಎಂಬಿ ಸಬ್‌ಸ್ಟ್ರ್ ಹಾಕಿ. 50 ಬೈಟಿಗೆ ಕತ್ತರಿಸಿದರೆ 16 ಸಂಕೇತಕ್ಕೆ 48 ಬೈಟು ಹೋಗಿ ಇನ್ನೆರಡು ಅರೆಬರೆ ಉಳಿಯುತ್ತವೆ. ಸಾಲಿನ ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಾಣುವುದು ಅದರಿಂದಲೇ. ಅಂಥ ಸ್ಟ್ರಿಂಗ್ ಕೊಟ್ಟರೆ ಜೇಸನ್ ಎನ್‌ಕೋಡ್ ಫಾಲ್ಸ್ ಅಂದುಬಿಡುತ್ತದೆ, ಎಪಿಐ ಖಾಲಿ ಉತ್ತರ ಕೊಡುತ್ತದೆ.

ಎಕ್ಸೆಲ್‌ನದು ಸುಲಭ. ನೇರವಾಗಿ ತೆರೆದ ಸಿಎಸ್‌ವಿಯನ್ನು ಅದು ಯುಟಿಎಫ್-8 ಅಂತ ತಾನಾಗಿ ತಿಳಿಯುವುದಿಲ್ಲ. ಫೈಲಿನ ಮೊದಲಿಗೆ 239, 187, 191 ಎಂಬ ಮೂರು ಬೈಟು ಬರೆದರೆ ತಿಳಿಯುತ್ತದೆ. ಇದಕ್ಕೆ ಬಿಒಎಂ ಅನ್ನುತ್ತಾರೆ. ಆದರೆ ಇದೇ ಬೈಟುಗಳು ನಿಮ್ಮ ಪಿಎಚ್‌ಪಿ ಫೈಲುಗಳ ತಲೆಯಲ್ಲಿ ಇರಬಾರದು. ಇದ್ದರೆ ಹೆಡರ್ ಆಗಲೇ ಕಳಿಸಾಗಿದೆ ಅನ್ನುವ ಎಚ್ಚರಿಕೆ ಬರಬಹುದು, ಲಾಗಿನ್ ಸೆಷನ್ ಕೆಡಬಹುದು. ಎಡಿಟರ್‌ನಲ್ಲಿ ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ ಉಳಿಸಿ.

ಹಳೆಯ ಕಡತಗಳಿಂದ ಡೇಟಾ ತರುತ್ತಿದ್ದರೆ ಇನ್ನೊಂದು ಎಚ್ಚರ. ನುಡಿ, ಬರಹ ತಂತ್ರಾಂಶಗಳ ಹಳೆಯ ಆನ್ಸಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕೂಡ ವಿಚಿತ್ರ ಇಂಗ್ಲಿಷ್ ಅಕ್ಷರವಾಗಿಯೇ ಕಾಣುತ್ತದೆ, ಆದರೆ ಅದು ಬೇರೆ ಕಾಯಿಲೆ. ನುಡಿಯ ಪಠ್ಯದಲ್ಲಿ 'ಕನ್ನಡ' ಎಂಬುದು ದೊಡ್ಡ ಪಿ, ಓರೆಗೆರೆಯ ದೊಡ್ಡ ಎ, ಪೌಂಡ್ ಚಿಹ್ನೆ ಹೀಗೆ ಶುರುವಾಗುತ್ತದೆ. ಓರೆಗೆರೆಯ ಎ ಚಿಕ್ಕದಾಗಿದ್ದು ಪಕ್ಕದಲ್ಲಿ ಪುಟ್ಟ 2, 3 ಇದ್ದರೆ ಯುಟಿಎಫ್-8 ತಪ್ಪು ಓದಾಗಿದೆ. ದೊಡ್ಡದಾಗಿದ್ದು ಪುಟ್ಟ ಅಂಕಿಯ ಜೋಡಿ ಇಲ್ಲದಿದ್ದರೆ ನುಡಿಯ ಪಠ್ಯ. ಅದಕ್ಕೆ ಆನ್ಸಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕವೇ ಬೇಕು, ಮೇಲಿನ ಯಾವ ಆಜ್ಞೆಯೂ ಕೆಲಸಕ್ಕೆ ಬರುವುದಿಲ್ಲ.

ಪಿಡಿಎಫ್ ರಸೀದಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದರೆ ಪಿಡಿಎಫ್ ತಯಾರಿಸುವ ಲೈಬ್ರರಿಗೆ ಅಕ್ಷರ ಜೋಡಿಸಲು ಬರುವುದಿಲ್ಲ ಅಂತ. ರಸೀದಿಯನ್ನು ಎಚ್‌ಟಿಎಂಎಲ್ ಮಾಡಿ ಕ್ರೋಮ್‌ನಿಂದ ಪಿಡಿಎಫ್‌ಗೆ ಮುದ್ರಿಸಿ.

ಇದೆಲ್ಲ ಆದ ಮೇಲೆ ಹುಡುಕಾಟದ ದೂರು ಬರುತ್ತದೆ, ಈಗಲೇ ಹೇಳಿಡುತ್ತೇನೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. 'ಕೊ' ಎಂಬುದರ ಗುಣಿತವನ್ನೂ ಒಂದೇ ಸಂಕೇತವಾಗಿ ಇಡಬಹುದು, ಎರಡು ಸಂಕೇತ ಜೋಡಿಸಿಯೂ ಇಡಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಹುಡುಕಲು ಇನ್ನೊಂದು ಕಾಲಂ ಇಟ್ಟುಕೊಳ್ಳಿ, ಅದರಲ್ಲಿ ಹೆಸರನ್ನು ಎನ್‌ಎಫ್‌ಸಿಗೆ (ಯೂನಿಕೋಡಿನ ಜೋಡಿಸಿದ ರೂಪಕ್ಕೆ) ನಾರ್ಮಲೈಸ್ ಮಾಡಿ, ಕಾಣದ ಸಂಕೇತಗಳನ್ನು ತೆಗೆದು ಹಾಕಿ. ತೋರಿಸುವ ಹೆಸರಿನಿಂದ ಮಾತ್ರ ಏನನ್ನೂ ತೆಗೆಯಬೇಡಿ. 'ರ್‍ಯಾಂಕ್' ಎಂದು ಬರೆದದ್ದು 'ರ್ಯಾಂಕ್' ಆಗಿಬಿಡುತ್ತದೆ. ಅವರ ಹೆಸರನ್ನು ಅವರು ಬರೆದ ಹಾಗೆಯೇ ಇಡಬೇಕು.

ಪರೀಕ್ಷೆಗೆ ನಾನು ಈಗ ಯಾವ ಕೆಲಸದಲ್ಲೂ ಐದು ಪದ ಇಟ್ಟುಕೊಂಡಿರುತ್ತೇನೆ: ಲಕ್ಷ್ಮಿ, ಏಕನಾಥ, ಝರಿ, ರಾಜ್‌ಕುಮಾರ್, ರ್‍ಯಾಂಕ್. ಫಾರ್ಮಿನಲ್ಲಿ ತುಂಬಿ, ಸೇವ್ ಮಾಡಿ, ಅಪ್ಲಿಕೇಶನ್ ಮುಚ್ಚಿ ಮತ್ತೆ ತೆರೆದು, ಸಿಎಸ್‌ವಿ ತೆಗೆದು, ಪ್ರಿಂಟ್ ಹಾಕಿ, ಹೆಸರು ಹುಡುಕಿ ನೋಡಿ. ನಿಮ್ಮ ಹಳೆಯ ಸಾಲಿನಲ್ಲಿ ಚಾರ್ ಲೆಂತ್, ಲೆಂತ್ ಎರಡರ ಸಂಖ್ಯೆ ಏನು ಬಂತು ಅಂತ ಇಲ್ಲಿ ಹಾಕಿದರೆ ನಿಮ್ಮ ಟೇಬಲಿಗೆ ಹೊಂದುವ ಅಪ್‌ಡೇಟ್ ಆಜ್ಞೆಯನ್ನು ಬರೆದುಕೊಡುತ್ತೇನೆ.